‘ಮಕ್ಕಳ ಸಿನಿಮಾ ಅಷ್ಟು ಕಾಲ ಉಳಿಯುವ ಗುಟ್ಟೇನು?’ ಎಂದು ಕೇಳುವವರಿಗೆ

ಅನಿಮೇಷನ್ ಚಿತ್ರಗಳ ಬಗ್ಗೆ ಬರೆಯುತ್ತೇನೆಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: ಇಷ್ಟೊಂದು ಚಿತ್ರಗಳು ಬಂದು ಮರೆತುಹೋಗುತ್ತಿರುವಾಗ ಕೆಲವು ಮಾತ್ರ ಮನೆಮಂದಿಗೆಲ್ಲ ಅಚ್ಚುಮೆಚ್ಚಾಗಿ ದಶಕಗಳ ಕಾಲ ಉಳಿಯುವುದು ಹೇಗೆ? ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದರೆ ಅದರ ಬೆನ್ನಿಗೇ ‘ಎಷ್ಟಾದರೂ ಮಕ್ಕಳ ಸಿನಿಮಾ ತಾನೇ’ ಎಂಬ ಮುಗುಳ್ನಗೆಯೂ ‘ಎರಡೇ ಮಾತಿನಲ್ಲಿ ಹೇಳಿಬಿಡಿ’ ಎಂಬ ಅವಸರವೂ ಬರುತ್ತವೆ. ಎರಡು ಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕೇಳುವವರು ತಾವೇ ಸೂಚಿಸುವ ಉತ್ತರಗಳನ್ನು ಮೊದಲು ಬದಿಗಿಡೋಣ. ತಂತ್ರಜ್ಞಾನ ಕಾರಣವಲ್ಲ. ಇಡಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ 1995ರ ‘ಟಾಯ್ ಸ್ಟೋರಿ’. ಅದರಲ್ಲಿ ಬರುವ ಮನುಷ್ಯರ ಮುಖಗಳು ಇಂದಿನ ಕಣ್ಣಿಗೆ ಪ್ಲಾಸ್ಟಿಕ್ಕಿನಂತೆ ಕಾಣುತ್ತವೆ, ಆದರೂ ಆ ಚಿತ್ರವನ್ನು ಯಾರೂ ಕೈಬಿಟ್ಟಿಲ್ಲ. ಗಳಿಕೆಯೂ ಕಾರಣವಲ್ಲ. 1940ರ ‘ಪಿನೋಕಿಯೊ’ ಯುದ್ಧದ ಕಾಲದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿ ನಷ್ಟ ಅನುಭವಿಸಿತು. 1999ರ ‘ದಿ ಐರನ್ ಜೈಂಟ್’ ಚಿತ್ರಮಂದಿರಗಳಲ್ಲಿ ಸೋತು, ಟೀವಿ ಮತ್ತು ವಿಡಿಯೊಗಳ ಮೂಲಕ ತನ್ನವರನ್ನು ಕಂಡುಕೊಂಡಿತು. ಇನ್ನು ‘ಒಳ್ಳೆಯ ಸಂದೇಶ’ ಎಂಬ ಉತ್ತರ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಉಪದೇಶ ಎಲ್ಲಿ ಶುರುವಾಗುತ್ತದೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು, ನೀರು ಕುಡಿಯಲು ಅವರು ಎದ್ದುಹೋಗುವುದು ಆಗಲೇ.

ಒಂದು ಸಂಜೆ ಪರಿಚಿತರೊಬ್ಬರ ಮನೆಯಲ್ಲಿ ಇದೇ ಪ್ರಶ್ನೆ ಎದುರಾಯಿತು. ಅವರಿಗೆ ಬೇಕಿದ್ದದ್ದು ಸೂತ್ರ: ಹಾಸ್ಯ ಎಷ್ಟು ಪಾಲು, ಕಣ್ಣೀರು ಎಷ್ಟು ಪಾಲು, ಮಾತನಾಡುವ ಪ್ರಾಣಿಗಳು ಎಷ್ಟಿರಬೇಕು. ಪಕ್ಕದ ಕೋಣೆಯಲ್ಲಿ ಅವರ ಮಗಳು, ಆಗಲೇ ಬಾಯಿಪಾಠವಾಗಿದ್ದ ಚಿತ್ರವೊಂದನ್ನು ನೋಡುತ್ತಾ, ಪಾತ್ರಗಳಿಗಿಂತ ಅರೆಕ್ಷಣ ಮೊದಲೇ ಅವುಗಳ ಮಾತನ್ನು ಒಪ್ಪಿಸುತ್ತಿದ್ದಳು. ನಡುವೆ ಓಡಿಬಂದು, ‘ಅಪ್ಪಾ, ಆ ಜಾಗ ಬರ್ತಾ ಇದೆ, ಬೇಗ ಬಾ’ ಎಂದು ಅವರ ಕೈ ಹಿಡಿದೆಳೆದಳು. ‘ಎಷ್ಟು ಸಲ ನೋಡ್ತೀಯೇ ಅದನ್ನ? ಏನಾಗುತ್ತೆ ಅಂತ ಗೊತ್ತಲ್ಲ’ ಎಂದು ಗದರಿ ಅವಳನ್ನು ಕಳಿಸಿದ ಅವರು, ನನ್ನತ್ತ ತಿರುಗಿ, ‘ಹಾಂ, ಹೇಳಿ, ಏನು ಗುಟ್ಟು?’ ಎಂದರು. ಗುಟ್ಟು ಆಗಷ್ಟೇ ಅವರ ಕೈ ಎಳೆದು ಹೋಗಿತ್ತು. ಊಟ ಇನ್ನೂ ಬಡಿಸಿರಲಿಲ್ಲವಾದ್ದರಿಂದ ನಾನು ಸುಮ್ಮನಿದ್ದೆ.

ಅವರು ಕೇಳಬೇಕಿದ್ದದ್ದು ಇದನ್ನು: ಮುಂದೇನಾಗುತ್ತದೆಂದು ಪೂರ್ತಿ ಗೊತ್ತಿರುವ ಚಿತ್ರವೇ ಮಗುವಿಗೆ ಮತ್ತೆ ಏಕೆ ಬೇಕು? ಕುತೂಹಲವೊಂದನ್ನೇ ನೆಚ್ಚಿಕೊಂಡ ಚಿತ್ರ ಮೊದಲ ನೋಟಕ್ಕೇ ಖಾಲಿಯಾಗುತ್ತದೆ. ಆ ವರ್ಷದ ತಾರೆಯರನ್ನೂ ಜಾಹೀರಾತುಗಳನ್ನೂ ಅಣಕಿಸಿ ನಗಿಸುವ ಚಿತ್ರಕ್ಕೆ ಕೆಲವು ವರ್ಷ ಕಳೆದರೆ ಅಡಿಟಿಪ್ಪಣಿ ಬೇಕಾಗುತ್ತದೆ. ಕಥೆ ಗೊತ್ತಾದ ಮೇಲೂ ಇದ್ದು ಬರಬೇಕೆನ್ನಿಸುವ ಜಾಗವೊಂದು ಚಿತ್ರದಲ್ಲಿರಬೇಕು. 1988ರ ‘ಮೈ ನೇಬರ್ ಟೊಟೊರೊ’ದಲ್ಲಿ ತಂದೆಯ ಬಸ್ಸಿಗಾಗಿ ಇಬ್ಬರು ಹುಡುಗಿಯರು ಮಳೆಯಲ್ಲಿ ಕಾಯುತ್ತಾರೆ, ಚಿಕ್ಕವಳು ಅಕ್ಕನ ಬೆನ್ನ ಮೇಲೆ ನಿದ್ದೆಹೋಗುತ್ತಾಳೆ, ದೈತ್ಯ ಪ್ರಾಣಿಯೊಂದು ಬಂದು ಪಕ್ಕದಲ್ಲಿ ನಿಂತು, ತನಗೆ ಕೊಟ್ಟ ಕೊಡೆಯ ಮೇಲೆ ಬೀಳುವ ಹನಿಗಳ ಸದ್ದಿಗೆ ಹಿಗ್ಗುತ್ತದೆ. ಕಥೆ ಅಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಚಿತ್ರದಲ್ಲಿ ಖಳನಾಯಕನೂ ಇಲ್ಲ. ಮಾರಾಟಗಾರರ ಸಭೆಯಲ್ಲಾದರೆ ಮೊದಲು ಕತ್ತರಿ ಬೀಳುವುದು ಇಂಥ ದೃಶ್ಯಕ್ಕೇ, ಜನ ನೆನಪಿಟ್ಟುಕೊಂಡಿರುವುದೂ ಇಂಥದ್ದನ್ನೇ.

ಮಗು ಮತ್ತೆ ಬೇಡುವುದು ಸುಖದ ಜಾಗಗಳನ್ನು ಮಾತ್ರವಲ್ಲ. ‘ಬ್ಯಾಂಬಿ’ಯಲ್ಲಿ (1942) ತಾಯಿ ಜಿಂಕೆ ಸಾಯುವುದನ್ನು ತೋರಿಸಿಲ್ಲ, ಗುಂಡಿನ ಸದ್ದು ಕೇಳುತ್ತದೆ, ಮರಿ ಹುಡುಕುತ್ತದೆ, ಅಷ್ಟೆ. ಅದನ್ನು ನೋಡಿ ಅತ್ತ ಮಗು ಮರುದಿನ ಅದೇ ಚಿತ್ರವನ್ನು ಕೇಳಿದರೆ ಗಾಬರಿಪಡಬೇಕಿಲ್ಲ. ಈ ಸಲ ಸದ್ದು ಯಾವಾಗ ಬರುತ್ತದೆಂದು ಅದಕ್ಕೆ ಗೊತ್ತಿದೆ, ಆಮೇಲೆ ಏನು ಉಳಿಯುತ್ತದೆಂಬುದೂ ಗೊತ್ತಿದೆ. ಭಯದ ಹಗ್ಗ ಈಗ ಅದರ ಕೈಯಲ್ಲೇ ಇದೆ. ರಿಮೋಟ್ ಒತ್ತಿ ಆ ಭಾಗವನ್ನು ಹಾರಿಸುವ ಹಿರಿಯರು ಹೆಚ್ಚಾಗಿ ಕಾಪಾಡಿಕೊಳ್ಳುವುದು ತಮ್ಮನ್ನೇ ಎಂದು ನನ್ನ ಗುಮಾನಿ.

ಹಿರಿಯರ ಮಾತು ಬಂತಲ್ಲ, ಉಳಿದ ಅರ್ಧ ಉತ್ತರ ಅವರಲ್ಲಿದೆ. ‘ಫೈಂಡಿಂಗ್ ನೀಮೊ’ವನ್ನು (2003) ಏಳರ ವಯಸ್ಸಿನಲ್ಲಿ ನೋಡಿದವರು ತೊಟ್ಟಿಯಿಂದ ತಪ್ಪಿಸಿಕೊಳ್ಳಬೇಕಾದ ಮರಿಯ ಪಕ್ಷ ವಹಿಸಿರುತ್ತಾರೆ; ಅದೇ ಜನ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ನೋಡುವಾಗ, ಹೆಂಡತಿಯನ್ನೂ ಒಂದು ಬಿಟ್ಟು ಉಳಿದೆಲ್ಲ ಮೊಟ್ಟೆಗಳನ್ನೂ ಕಳೆದುಕೊಂಡ ತಂದೆ ಮೀನಿನ ಅತಿಯಾದ ಆತಂಕ ಇದ್ದಕ್ಕಿದ್ದಂತೆ ನ್ಯಾಯವಾಗಿ ಕಾಣತೊಡಗುತ್ತದೆ. ಇದು ದೊಡ್ಡವರಿಗೆಂದು ಮಕ್ಕಳ ತಲೆಯ ಮೇಲಿಂದ ಎಸೆದ ದ್ವಂದ್ವಾರ್ಥದ ನಗೆಹನಿಯಿಂದ ಆಗುವ ಕೆಲಸವಲ್ಲ. ಒಂದೇ ಸಂಗತಿ ಎರಡೂ ವಯಸ್ಸಿಗೆ ನಿಜವಾಗಿರಬೇಕು, ಮಗುವಿನ ಪಾಲಿನದು ಕಡಿಮೆ ನಿಜವಾಗಿರಬಾರದು.

ಇಷ್ಟೆಲ್ಲ ಇದ್ದರೂ ಮತ್ತೆ ನೋಡಲು ಸಿಗದ ಚಿತ್ರವನ್ನು ಯಾರೂ ಮತ್ತೆ ನೋಡಲಾರರು. 1937ರ ‘ಸ್ನೋ ವೈಟ್’ ಚಿತ್ರವನ್ನು ಡಿಸ್ನಿ ಸಂಸ್ಥೆ 1944ರಲ್ಲಿ ಪುನಃ ಚಿತ್ರಮಂದಿರಗಳಿಗೆ ತಂದಿತು, ಮುಂದೆ ಕೆಲವು ವರ್ಷಗಳಿಗೊಮ್ಮೆ ಹಳೆಯ ಚಿತ್ರಗಳನ್ನು ಹೊಸ ಮಕ್ಕಳ ಮುಂದಿಡುವುದನ್ನೇ ಪದ್ಧತಿ ಮಾಡಿಕೊಂಡಿತು. ಟೊಟೊರೊವನ್ನು ಮನೆಮಾತಾಗಿಸಿದ್ದರಲ್ಲಿ ಟೀವಿ ಪ್ರಸಾರದ ಪಾಲೂ ಬೊಂಬೆಗಳ ಪಾಲೂ ಇವೆ. ‘ಕಾಲಾತೀತ’ ಎಂದು ಕಣ್ಣುಮುಚ್ಚಿ ಹೊಗಳುವವರು ಈ ವ್ಯಾಪಾರವನ್ನು ಮರೆಯುತ್ತಾರೆ. ವ್ಯಾಪಾರವೇ ಎಲ್ಲ ಎನ್ನುವವರು, ಬೊಂಬೆಗಳ ಸಮೇತ ಮರೆಯಾದ ಚಿತ್ರಗಳ ರಾಶಿಯನ್ನು ಮರೆಯುತ್ತಾರೆ.

ಹಾಗಾದರೆ ಈಗ ಬಂದಿರುವುದರಲ್ಲಿ ಯಾವುದು ಉಳಿಯುತ್ತದೆ ಎಂಬ ಮರುಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. ಮೊದಲ ವಾರದ ಗಳಿಕೆಯನ್ನು ನನಗೆ ಕಳಿಸಬೇಡಿ. ಮನೆಯ ಮಗು ಅದನ್ನು ಮತ್ತೆ ಹಾಕು ಎಂದು ಪೀಡಿಸುತ್ತಿದೆಯೇ, ಹಾಕಿದ ಮೇಲೆ ನೀವು ಕೋಣೆಯಲ್ಲೇ ಇರುತ್ತೀರೋ ಅಥವಾ ಫೋನ್ ಹಿಡಿದು ಹೊರಗೆ ಹೋಗುತ್ತೀರೋ, ಅದನ್ನು ಮಾತ್ರ ಬರೆದು ತಿಳಿಸಿ.