ಪೈಪಿನ ಅಂಚಿನ ಗುರುತು

ಇಂದು ಕೋಲಾರದ ಹತ್ತಿರ ಅಂತರ್ಜಲದ ಮಟ್ಟ ಅಳೆಯಲೆಂದೇ ಕೊರೆದ ಹೊಸ ವೀಕ್ಷಣಾ ಕೊಳವೆಬಾವಿಯನ್ನು ಕಂಪ್ರೆಸರ್ ಗಾಳಿಯಿಂದ ತೊಳೆದೆವು.
ಮೊದಲು ಕಲ್ಲುಪುಡಿ ಕದಡಿದ ಬೂದು ನೀರು. ಬಹಳ ಹೊತ್ತಾದ ಮೇಲೆ ತಿಳಿನೀರು. ಆ ಕೆಸರು ಬಂಡೆಯ ಬಿರುಕುಗಳನ್ನು ಮುಚ್ಚಿಕೊಂಡಿದ್ದರೆ ಬಾವಿ ಸುಳ್ಳು ಹೇಳುತ್ತದೆ. ಸುತ್ತಲಿನ ನೀರು ಏರಿದ್ದು, ಇಳಿದದ್ದು ಅದಕ್ಕೆ ತಡವಾಗಿ ತಿಳಿಯುತ್ತದೆ.

ನನಗೆ ಪ್ರಿಯವಾದದ್ದು ಅನಂತರದ ಕೆಲಸ. ಕೇಸಿಂಗ್ ಪೈಪಿನ ಅಂಚಿಗೆ ಬಣ್ಣದ ಒಂದು ಗುರುತು. ಅದು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಲೆವೆಲ್ ಉಪಕರಣ ಇಟ್ಟು ಅಳೆದು ಬರೆದುಕೊಂಡೆವು. ಇನ್ನು ಯಾರು ಟೇಪು ಇಳಿಬಿಟ್ಟರೂ ಅಲ್ಲಿಂದಲೇ ಅಳೆಯಬೇಕು.
ನೆಲದಿಂದ ಎಷ್ಟು ಆಳ ಎಂಬುದಷ್ಟೇ ಸಾಲದು. ದಿಬ್ಬದ ಬಾವಿಯಲ್ಲಿ 20 ಮೀಟರ್ ಕೆಳಗಿರುವ ನೀರು ತಗ್ಗಿನ ಬಾವಿಯ ನೀರಿಗಿಂತ ಎತ್ತರದಲ್ಲಿರಬಹುದು. ನೀರು ಯಾವ ಕಡೆಗೆ ಸರಿಯುತ್ತಿದೆ ಎಂದು ತಿಳಿಯುವುದು ಆ ಎತ್ತರಗಳನ್ನು ಹೋಲಿಸಿದಾಗ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಈ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಏರಿತು ಎನ್ನುವವರಿದ್ದಾರೆ, ನೀರು ಕೆಟ್ಟಿತು ಎನ್ನುವವರೂ ಇದ್ದಾರೆ. ಊರಿಗೊಂದು ಇಂಥ ಬಾವಿ ಇರಬೇಕು ಎಂದು ನನ್ನ ಆಸೆ. ಅಳೆದ ಅಂಕಿಗಳು ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ಬರಲಿ.