ಮಂಡಕ್ಕಿಯಲ್ಲಿರುವ ಈರುಳ್ಳಿ
ದಾವಣಗೆರೆಯಲ್ಲಿ ಸಂಜೆಯಾದರೆ ಎಷ್ಟೋ ಮನೆಗಳಲ್ಲಿ ಮಂಡಕ್ಕಿ, ಮಿರ್ಚಿ ಇರಲೇಬೇಕು. ನಾಯಿ ಪಕ್ಕದಲ್ಲೇ ಬಾಲ ಆಡಿಸುತ್ತಾ ಕೂತಿದ್ದರೆ ಅದಕ್ಕೂ ಒಂದು ಹಿಡಿ ಹಾಕದೆ ಮನಸ್ಸು ತಡೆಯುವುದಿಲ್ಲ, ಅಲ್ವಾ? ಆದರೆ ಅದರಲ್ಲಿರುವ ಈರುಳ್ಳಿ ನಾಯಿ, ಬೆಕ್ಕುಗಳಿಗೆ ವಿಷ. ಹಸಿಯಾಗಿರಲಿ, ಬೇಯಿಸಿರಲಿ, ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಒಂದು ಚೂರಿಗೆ ಏನೂ ಆಗದಿರಬಹುದು, ದಿನಾ ಸ್ವಲ್ಪ ಸ್ವಲ್ಪ ಹೋದರೂ ತೊಂದರೆಯೇ. ತಿಂದ ದಿನ ಆರಾಮಾಗಿಯೇ ಇರುತ್ತದೆ, ಮೂರ್ನಾಲ್ಕು ದಿನ ಬಿಟ್ಟು ಸುಸ್ತಾಗಿ ಮೂಲೆ ಹಿಡಿಯುತ್ತದೆ, ಅಷ್ಟರಲ್ಲಿ ಮನೆಯವರಿಗೆ ಮಂಡಕ್ಕಿ ಮರೆತೇ ಹೋಗಿರುತ್ತದೆ.

ನಿನ್ನೆ ನನ್ನ ಪಶು ಚಿಕಿತ್ಸಾಲಯಕ್ಕೆ ಬಂದಿದ್ದ ಪಮೇರಿಯನ್ ನಾಯಿಯ ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣ ಇರಬೇಕಾದ ಒಸಡು ಪೂರ್ತಿ ಬಿಳಿಚಿತ್ತು, ಮೂತ್ರ ಡಿಕಾಕ್ಷನ್ ಬಣ್ಣ. ಉಣ್ಣೆ ಹುಳ ಕಚ್ಚಿ ಬರುವ ಜ್ವರದಲ್ಲೂ ಒಸಡು ಹೀಗೇ ಆಗುತ್ತದೆ, ನಮ್ಮ ಕಡೆ ಉಣ್ಣೆ ಕಾಟವೂ ಜಾಸ್ತಿ. ಅದಕ್ಕೇ ಏನು ತಿನ್ನಿಸಿದಿರಿ ಅಂತ ಕೇಳಿದಾಗ ದಯವಿಟ್ಟು ಮುಚ್ಚಿಡಬೇಡಿ. ನಾನು ಬೈಯಲು ಕೇಳುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಏನು ಹುಡುಕಬೇಕು ಅಂತ ಬೇಗ ಗೊತ್ತಾಗುತ್ತದೆ, ಅಷ್ಟೇ.

ಮತ್ತೆ, ಮೈ ಬಿಸಿ ಇದೆ ಅಂತ ಸುಮ್ನೆ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆಗೆ ಜೀವ ಹೋಗಬಹುದು.