ಆ ಈಟಿ ಎಸೆದದ್ದು ಡಾನಾ

"ಮನೆಯಲ್ಲೇ ಕೋಚ್ ಇದ್ದ ಹಾಗಾಯ್ತಲ್ಲ, ಬಿಡಿ."

ಈಟಿ ಎಸೆಯುತ್ತಿದ್ದ ಡಾನಾ ಜಾಟೊಪ್ಕೋವಾ ಬಗ್ಗೆ ಶನಿವಾರ ಕೇಳಿದ ಮಾತು ಇದು. ಇವತ್ತು ಗುರುವಾರ. ಪಾತ್ರೆ ತೊಳೆಯುವಾಗ, ಟ್ರಾಮ್‌ನಲ್ಲಿ ಕೂತಾಗ, ರಾತ್ರಿ ದೀಪ ಆರಿಸಿದ ಮೇಲೆ, ಮತ್ತೆ ಮತ್ತೆ ಅದೇ ಕಿವಿಗೆ ಬೀಳುತ್ತಿದೆ. ಹೇಳಿದವರು ಕೆಟ್ಟವರಲ್ಲ. ನಮ್ಮವರ ಹಿರಿಯ ಸ್ನೇಹಿತರು. ನಾವು ಹೊಸದಾಗಿ ಚೆಕ್ ಗಣರಾಜ್ಯದ ಬ್ರನೊ ನಗರಕ್ಕೆ ಬಂದಾಗ ಮನೆ ಹುಡುಕಿ ಕೊಟ್ಟವರು, ಯಾರಿಗೆ ಜ್ವರ ಬಂದರೂ ಡಬ್ಬಿಯಲ್ಲಿ ಸಾರು ತಂದುಕೊಡುವವರು. ಅದಕ್ಕೇ ಆ ಮಾತು ಜಾಸ್ತಿ ಚುಚ್ಚಿತು.

ಎರಡು ಕುಟುಂಬ ಸೇರಿ ರೋಜ್ನೋವ್‌ಗೆ ಹೋಗಿದ್ದೆವು. ಇದೇ ದೇಶದ ಮೊರಾವಿಯಾ ಸೀಮೆಯ ಪೂರ್ವದ ಕಡೆ, ಬೆಟ್ಟಗಳ ನಡುವಿನ ಊರು. ಹಳೆಯ ಕಾಲದ ಮರದ ಮನೆಗಳನ್ನು ಒಂದೆಡೆ ಸೇರಿಸಿ ಮಾಡಿರುವ ಬಯಲು ಮ್ಯೂಸಿಯಂ ಅಲ್ಲಿದೆ. ದಪ್ಪ ದಿಮ್ಮಿಯ ಗೋಡೆ, ಹಲಗೆ ಹೊದಿಸಿದ ಚಾವಣಿ, ಒಂದು ಮರದ ಚರ್ಚು. ಚರ್ಚಿನ ಪಕ್ಕದಲ್ಲೇ ಆ ಸೀಮೆಯ ಹೆಸರಾಂತರ ಸ್ಮಶಾನ. ಎಮಿಲ್ ಜಾಟೊಪೆಕ್ ಅಲ್ಲಿದ್ದಾರೆ. 2020ರಲ್ಲಿ ತೀರಿಕೊಂಡ ಡಾನಾ ಜಾಟೊಪ್ಕೋವಾ ಕೂಡ ಅಲ್ಲೇ ಇದ್ದಾರೆ.

ಎಮಿಲ್ ಯಾರು ಅಂತ ಓಟದ ಬಗ್ಗೆ ಸ್ವಲ್ಪ ಗೊತ್ತಿರುವವರಿಗೆ ಹೇಳಬೇಕಿಲ್ಲ. ನಮ್ಮ ಆ ಹಿರಿಯ ಸ್ನೇಹಿತರಿಗೂ ಚೆನ್ನಾಗಿ ಗೊತ್ತಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್, ಮೂರರಲ್ಲೂ ಚಿನ್ನ. ಓಡುವಾಗ ಮುಖ ಕಿವುಚುತ್ತಿದ್ದದ್ದು, ತಲೆ ಒಂದು ಕಡೆ ವಾಲುತ್ತಿದ್ದದ್ದು, ಎಲ್ಲವನ್ನೂ ಮಕ್ಕಳಿಗೆ ಮಾಡಿ ತೋರಿಸಿದರು. ನನ್ನ ಮಗಳು ಪಕ್ಕದ ಹೆಸರನ್ನು ಕೇಳಿದಳು. "ಅವರ ಹೆಂಡತಿ ಪುಟ್ಟಿ. ಅವರೂ ಏನೋ ಎಸೀತಿದ್ರಂತೆ" ಅಂದರು.

ನಾನು ಸುಮ್ಮನಿರಲಿಲ್ಲ. "ಏನೋ ಅಲ್ಲ, ಜಾವೆಲಿನ್. ಅದೇ ಹೆಲ್ಸಿಂಕಿಯಲ್ಲಿ ಅವರಿಗೂ ಚಿನ್ನ ಬಂತು. 50.47 ಮೀಟರ್, ಆಗ ಅದು ಒಲಿಂಪಿಕ್ ದಾಖಲೆ" ಅಂದೆ. ಅವರು ಮೆಚ್ಚುಗೆಯಿಂದಲೇ ತಲೆ ಆಡಿಸಿದರು. ಆಮೇಲೆ ಬಂತು ಆ ಮಾತು. "ಅಷ್ಟು ದೊಡ್ಡ ಓಟಗಾರನ ಜೊತೆ ಇದ್ರು. ಮನೆಯಲ್ಲೇ ಕೋಚ್ ಇದ್ದ ಹಾಗಾಯ್ತಲ್ಲ, ಬಿಡಿ."

ಅವರು ಹಾಗಂದಿದ್ದು ಡಾನಾ ಅವರ ಸಮಾಧಿ ಎದುರಿಗೆ ನಿಂತು. ನನ್ನ ಕೈಕಾಲು ಒಂದು ಕ್ಷಣ ಬಿಸಿಯಾಯಿತು. ಯಾಕೆಂದರೆ ಇದೇ ಮಾತನ್ನು ಡಾನಾ ಬದುಕಿದ್ದಾಗಲೇ ಕೇಳಿದ್ದರು, ಅದಕ್ಕೆ ಉತ್ತರವನ್ನೂ ಕೊಟ್ಟಿದ್ದರು.

1952ರ ಜುಲೈ 24. ಎಮಿಲ್ ಆಗಷ್ಟೇ 5,000 ಮೀಟರ್ ಗೆದ್ದಿದ್ದರು. ಹೆಂಗಸರ ಜಾವೆಲಿನ್ ಫೈನಲ್ ಇನ್ನೇನು ಶುರುವಾಗಬೇಕು. ಡಾನಾ ಗಂಡನ ಪದಕ ಇಸಿದುಕೊಂಡು, ಅದೃಷ್ಟಕ್ಕೆ ಇರಲಿ ಅಂತ ಚೀಲದಲ್ಲಿ ಹಾಕಿಕೊಂಡು ಹೋದರು. ಮೊದಲ ಎಸೆತವೇ 50.47. ಸೋವಿಯತ್ ಒಕ್ಕೂಟದ ಅಲೆಕ್ಸಾಂಡ್ರಾ ಚುದಿನಾ 50.01 ತನಕ ಬಂದರು. ಅರ್ಧ ಮೀಟರ್ ಕೂಡ ವ್ಯತ್ಯಾಸ ಇಲ್ಲ. ಆದರೂ ಮೊದಲ ಎಸೆತವನ್ನು ಕೊನೆಯವರೆಗೂ ಯಾರಿಂದಲೂ ದಾಟಲಾಗಲಿಲ್ಲ. ಒಂದೇ ದಿನ, ಒಂದೇ ಮೈದಾನ, ಗಂಡ ಹೆಂಡತಿ ಇಬ್ಬರಿಗೂ ಚಿನ್ನ.

ಆಮೇಲೆ ಪತ್ರಕರ್ತರ ಮುಂದೆ ಎಮಿಲ್ ತಮಾಷೆಗೆ, ನನ್ನ ಗೆಲುವೇ ಇವಳಿಗೆ ಸ್ಫೂರ್ತಿ ಕೊಟ್ಟಿದ್ದು ಅಂದರು. ಡಾನಾ ಅಲ್ಲೇ ತಿರುಗೇಟು ಕೊಟ್ಟರು: ಹೌದಾ? ಹಾಗಾದ್ರೆ ಹೋಗಿ ಬೇರೆ ಯಾವುದಾದರೂ ಹುಡುಗಿಗೆ ಸ್ಫೂರ್ತಿ ಕೊಡು, ಅವಳು ಐವತ್ತು ಮೀಟರ್ ಎಸೀತಾಳಾ ನೋಡೋಣ!

ಇದಕ್ಕಿಂತ ಚೆನ್ನಾದ ಉತ್ತರ ನನಗಂತೂ ಗೊತ್ತಿಲ್ಲ. ಅವರು ಪ್ರೀತಿಯನ್ನು ಅಲ್ಲಗಳೆಯಲಿಲ್ಲ, ಗಂಡನ ಪದಕ ಚೀಲದಲ್ಲಿತ್ತು ಅನ್ನುವುದನ್ನೂ ಬಚ್ಚಿಡಲಿಲ್ಲ. ಆದರೆ ಐವತ್ತು ಮೀಟರ್ ನನ್ನ ತೋಳಿನದ್ದು ಅಂತ ಅಷ್ಟು ಜನರ ಮುಂದೆ ನಗುನಗುತ್ತಾ ಹೇಳಿದರು.

ಹಿರಿಯರಿಗೆ ಇದನ್ನೂ ಹೇಳಿದೆ. ಜೋರಾಗಿ ನಕ್ಕರು. "ನೋಡಿ, ಗಂಡನೇ ಹೇಳಿದ್ದಾನಲ್ಲ!" ಅಂದರು. ಕಥೆಯ ಮೊದಲ ಅರ್ಧ ಮಾತ್ರ ಅವರ ಕಿವಿಗೆ ಬಿದ್ದಿತ್ತು.

ಮಕ್ಕಳಿಗೆ ಮಾತ್ರ 50.47 ಅನ್ನೋದು ಅಂಟಿಕೊಂಡಿತು. ಹೊರಗೆ ಬಂದ ಮೇಲೆ, ಅದು ಎಷ್ಟು ದೂರ ಅಂತ ಮಗಳು ಹಟ ಹಿಡಿದಳು. ಕಾರು ನಿಲ್ಲಿಸುವ ಜಾಗ ಅರ್ಧ ಖಾಲಿಯಿತ್ತು. ನಾನು ಒಂದು ಕಂಬದ ಹತ್ತಿರ ನಿಂತೆ. ಅವಳು ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಾ ಎಣಿಸುತ್ತಾ ಹೋದಳು. ಸಾಲಾಗಿ ನಿಂತ ಕಾರುಗಳನ್ನೆಲ್ಲ ದಾಟಿ, ಟಿಕೆಟ್ ಯಂತ್ರ ದಾಟಿ, ಬೇಲಿಯ ಹತ್ತಿರ ನಿಂತು ತಿರುಗಿದಳು. ಅವಳ ಕೆಂಪು ಜಾಕೆಟ್ ಕಾಣುತ್ತಿತ್ತು, ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಏನೋ ಕೂಗಿದಳು, ಗಾಳಿಗೆ ಕೇಳಿಸಲಿಲ್ಲ. ಅಷ್ಟು ದೂರ! 600 ಗ್ರಾಂ ತೂಕದ, ಎರಡು ಮೀಟರ್‌ಗಿಂತ ಉದ್ದದ ಕೋಲನ್ನು ಅಷ್ಟು ದೂರಕ್ಕೆ ಹಾರಿಸಬೇಕು. ಅದೂ ತುದಿಯೇ ಮೊದಲು ನೆಲ ಮುಟ್ಟಬೇಕು, ಇಲ್ಲದಿದ್ದರೆ ಎಸೆತ ಲೆಕ್ಕಕ್ಕಿಲ್ಲ. ಗೆರೆ ತುಳಿದರೂ ಲೆಕ್ಕಕ್ಕಿಲ್ಲ.

ಜಾವೆಲಿನ್ ಅಂದರೆ ಕೈಯಿಂದ ಎಸೆಯೋದು ಅಂತ ನಾನೂ ಅಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ, ಮಗಳ ಕ್ರೀಡಾಕೂಟಕ್ಕೆ ಹೋಗಿ ದೊಡ್ಡ ಹುಡುಗಿಯರ ಎಸೆತ ಹತ್ತಿರದಿಂದ ನೋಡಿದೆ. ಓಡಿಕೊಂಡು ಬರುತ್ತಾರೆ. ಕೊನೆಯ ಹೆಜ್ಜೆಯಲ್ಲಿ ಮುಂದಿನ ಕಾಲನ್ನು ನೆಲಕ್ಕೆ ಊರಿ ಗಕ್ಕನೆ ನಿಲ್ಲಿಸುತ್ತಾರೆ. ಓಟದ ಜೋರೆಲ್ಲ ಆ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಮೊಣಕೈಗೆ ಏರುತ್ತೆ. ಕೈ ಬರುವುದು ಎಲ್ಲಕ್ಕಿಂತ ಕೊನೆಗೆ. ಮೊಣಕಾಲು ಸ್ವಲ್ಪ ಸಡಿಲ ಬಿಟ್ಟರೆ ಮೀಟರ್‌ಗಟ್ಟಲೆ ಹೋಯಿತು. ಇದರಲ್ಲಿ ಗಂಡ ಮೂವತ್ತು ನಿಮಿಷ ಓಡಿ ಕಲಿಸಿಕೊಡುವಂಥದ್ದು ಏನಿದೆ? ಇಬ್ಬರೂ ಜೊತೆಯಲ್ಲಿ ಅಭ್ಯಾಸ ಮಾಡುತ್ತಿದ್ದರು, ನಿಜ. ಆದರೆ ಆ ಕಾಲನ್ನು ಊರಬೇಕಾದವರು ಡಾನಾ ಒಬ್ಬರೇ.

ಡಾನಾ ಶುರು ಮಾಡಿದ್ದು ಹ್ಯಾಂಡ್‌ಬಾಲ್‌ನಿಂದ. ಆಮೇಲೆ ಈಟಿಗೆ ಬಂದರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರಿನ್ನೂ ಮದುವೆಯಾಗದ ಡಾನಾ ಇಂಗ್ರೋವಾ. ಅಂದರೆ ಎಮಿಲ್‌ನ ಹೆಂಡತಿ ಆಗುವ ಮೊದಲೇ ದೇಶದ ತಂಡದಲ್ಲಿದ್ದರು. ಅಲ್ಲಿ ಏಳನೇ ಸ್ಥಾನ. ಇಬ್ಬರೂ ಹುಟ್ಟಿದ್ದು ಒಂದೇ ದಿನ, 1922ರ ಸೆಪ್ಟೆಂಬರ್ 19. ಒಂದೇ ದಿನ ಹುಟ್ಟಿದ್ದೀವಿ, ಮದುವೆನೂ ಒಂದೇ ದಿನ ಆಗಿಬಿಟ್ಟರೆ ಹೇಗೆ ಅಂತ ಎಮಿಲ್ ಕೇಳಿದರಂತೆ. ಅದೇ ಅಕ್ಟೋಬರ್‌ನಲ್ಲಿ ಮದುವೆಯಾಯಿತು. ಈ ಕಥೆ ಕೇಳಿದಾಗಲೆಲ್ಲ ಎಮಿಲ್ ಬಗ್ಗೆ ಪ್ರೀತಿ ಉಕ್ಕುತ್ತೆ. ಆ ಮನುಷ್ಯನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಸಿಟ್ಟು ಇರುವುದು ಯಾರ ಗೆಲುವಿಗೆ ಯಾರು ಕಾರಣ ಅಂತ ಲೆಕ್ಕ ಬರೆಯುವವರ ಮೇಲೆ. ಯಾಕೆಂದರೆ ಹೆಲ್ಸಿಂಕಿಯ ಕಥೆಗೆ ಇನ್ನೊಂದು ತುಂಡು ಇದೆ. ಡಾನಾ ಗೆದ್ದಾಗ ಎಮಿಲ್ ಹತ್ತಿರ ಆ ಒಲಿಂಪಿಕ್ಸ್‌ನ ಎರಡು ಚಿನ್ನ ಇದ್ದವು. ನಮ್ಮ ಮನೆಯ ಸ್ಪರ್ಧೆ ಈಗ 2-1 ಆಗಿದೆ, ಅಂತರ ತೀರಾ ಕಡಿಮೆ ಆಯಿತು, ಮಾನ ಉಳಿಸಿಕೊಳ್ಳೋಕೆ ಮ್ಯಾರಥಾನ್ ಓಡ್ತೀನಿ ಅಂತ ಎಮಿಲ್ಲೇ ಹೇಳಿದ್ದರು. ಮೂರು ದಿನಕ್ಕೆ, ಅಲ್ಲಿಯವರೆಗೆ ಒಂದು ಸಲವೂ ಓಡಿರದ ಮ್ಯಾರಥಾನ್ ಓಡಿ ಗೆದ್ದರು. ಇದೂ ತಮಾಷೆಯ ಮಾತೇ, ಒಪ್ಪುತ್ತೇನೆ. ಆದರೆ ಒಂದು ತಮಾಷೆಯನ್ನು ಹಿಡಿದು ಹೆಂಡತಿಯ ಚಿನ್ನಕ್ಕೆ ಗಂಡ ಕಾರಣ ಅನ್ನುವವರು, ಇನ್ನೊಂದನ್ನು ಹಿಡಿದು ಗಂಡನ ಮ್ಯಾರಥಾನ್‌ಗೆ ಹೆಂಡತಿ ಕಾರಣ ಅಂತ ಯಾಕೆ ಹೇಳಲ್ಲ? ಎಮಿಲ್‌ಗೆ ಮನೆಯಲ್ಲೇ ಕೋಚ್ ಇದ್ದರು ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ?

ಇನ್ನೂ ಒಂದು ವಿಷಯ ಹಿರಿಯರಿಗೆ ಗೊತ್ತಿರಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಹೇಳಿದೆ. ಎಮಿಲ್ ಮೆಲ್ಬರ್ನ್ ಒಲಿಂಪಿಕ್ಸ್ ಆದ ಮೇಲೆ ಓಟ ನಿಲ್ಲಿಸಿದರು. ಆ ಮೆಲ್ಬರ್ನ್‌ನಲ್ಲಿ ಡಾನಾ ನಾಲ್ಕನೇಯವರು. ಬಹಳ ಜನ ಅಲ್ಲಿಗೆ ಮುಗೀತು ಅಂದುಕೊಂಡಿರಬೇಕು. ಮೂವತ್ತನಾಲ್ಕು ವಯಸ್ಸು, ಗಂಡ ನಿವೃತ್ತ. ಡಾನಾ ನಿಲ್ಲಿಸಲಿಲ್ಲ. 1958ರ ಜೂನ್‌ನಲ್ಲಿ 55.73 ಮೀಟರ್ ಎಸೆದು ವಿಶ್ವದಾಖಲೆ ಮಾಡಿದರು, ಮೂವತ್ತೈದನೇ ವಯಸ್ಸಿನಲ್ಲಿ. ಆ ದಾಖಲೆ ಎರಡು ತಿಂಗಳೂ ನಿಲ್ಲಲಿಲ್ಲ, ಆಸ್ಟ್ರೇಲಿಯಾದ ಅನ್ನಾ ಪಜೇರಾ ಮುರಿದರು. ಆದರೆ ಅದೇ ಬೇಸಿಗೆಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಡಾನಾ ಯುರೋಪಿಯನ್ ಚಿನ್ನವನ್ನು ಎರಡನೇ ಸಲ ಗೆದ್ದರು. ಮೊದಲನೆಯದು 1954ರಲ್ಲಿ ಬರ್ನ್‌ನಲ್ಲಿ. 1960ರಲ್ಲಿ ರೋಮ್‌ಗೆ ಹೋದಾಗ ಇನ್ನೇನು 38 ತುಂಬುವುದರಲ್ಲಿತ್ತು. 53.78 ಎಸೆದು ಬೆಳ್ಳಿ ತಂದರು. ಅದು ಹೆಲ್ಸಿಂಕಿಯ ಚಿನ್ನದ ಎಸೆತಕ್ಕಿಂತ ಮೂರು ಮೀಟರ್ ದೂರ.

ಈ ರೋಮ್ ಬೆಳ್ಳಿ ನನಗೆ ಹೆಲ್ಸಿಂಕಿ ಚಿನ್ನಕ್ಕಿಂತ ದೊಡ್ಡದು. ಚೀಲದಲ್ಲಿ ಇಟ್ಟುಕೊಳ್ಳೋಕೆ ಅವತ್ತು ಗೆದ್ದ ಗಂಡನ ಪದಕ ಇರಲಿಲ್ಲ. ಎದುರಿಗೆ ತನಗಿಂತ ಹದಿನೇಳು ವರ್ಷ ಚಿಕ್ಕವಳಾದ ಎಲ್ವೀರಾ ಓಜೊಲಿನಾ ಇದ್ದಳು. ಅವಳಿಗೆ ಸೋತರು, ಉಳಿದ ಎಲ್ಲರನ್ನೂ ಸೋಲಿಸಿದರು. ಹೆಂಗಸರಿಗೆ ದೂರದ ಓಟ ಆಗಲ್ಲ ಅಂತ ದೊಡ್ಡ ದೊಡ್ಡ ಅಧಿಕಾರಿಗಳೇ ನಂಬಿದ್ದ ಕಾಲ ಅದು. ಹೆಲ್ಸಿಂಕಿಯಲ್ಲಿ ಹೆಂಗಸರಿಗೆ 200 ಮೀಟರ್‌ಗಿಂತ ಉದ್ದದ ಓಟವೇ ಇರಲಿಲ್ಲ. ಅಂಥ ಕಾಲದಲ್ಲಿ ನಲವತ್ತರ ಹತ್ತಿರದ ಹೆಂಗಸು ಒಲಿಂಪಿಕ್ ಪದಕಕ್ಕೆ ಎಸೆಯುತ್ತಾಳೆ ಅಂದರೆ ಎಷ್ಟು ಜನ ತಡೆದಿರಬಹುದು, ಎಷ್ಟು ಜನ ಸಾಕು ಬಿಡು ಅಂದಿರಬಹುದು.

ಸಾಕು ಬಿಡು ಅನ್ನುವುದನ್ನು ನಾನೂ ಕೇಳಿದವಳು. ನಮ್ಮವರ ಕೆಲಸಕ್ಕೆ ಅಂತ ಈ ದೇಶಕ್ಕೆ ಬಂದೆವು, ಅದು ನಿಜ. ಆದರೆ ಇಲ್ಲಿಯ ಭಾಷೆ ಕಲಿತು, ಮತ್ತೆ ಪರೀಕ್ಷೆ ಬರೆದು ಲೆಕ್ಕಪತ್ರದ ಕೆಲಸಕ್ಕೆ ಸೇರಿದ್ದು ನಾನು. ಊರಿಗೆ ಫೋನ್ ಮಾಡಿದಾಗ ಹತ್ತಿರದ ಒಬ್ಬರು, "ಅವನು ಕರ್ಕೊಂಡು ಹೋಗಿದ್ದಕ್ಕೆ ಅಲ್ವಾ ಇದೆಲ್ಲ" ಅಂದಿದ್ದರು. ನಮ್ಮವರಿಗೆ ಇದು ನನಗಿಂತ ಜಾಸ್ತಿ ಬೇಜಾರು ಮಾಡಿತು. "ಪರೀಕ್ಷೆ ಬರೆದಿದ್ದು ನಾನಲ್ಲ, ಅವಳು" ಅಂತ ಫೋನ್ ಇಸಿದುಕೊಂಡು ಹೇಳಿದರು. ಜೊತೆಗಿರುವವರಿಗೆ ಗೊತ್ತಿರುತ್ತೆ, ಯಾವುದು ಯಾರದ್ದು ಅಂತ. ಎಮಿಲ್‌ಗೂ ಗೊತ್ತಿತ್ತು. ಹೊರಗಿನವರಿಗೇ ಕಷ್ಟ.

1968 ಬಂದಾಗಲೂ ಇಬ್ಬರೂ ಸೇರಿಯೇ ನಿಂತರು. ಆಗ ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಚೆಕೊಸ್ಲೊವಾಕಿಯಾದಲ್ಲಿ ಸುಧಾರಣೆ ಬೇಕು ಅನ್ನುವ ಪ್ರಣಾಳಿಕೆಗೆ ಎಮಿಲ್ ಸಹಿ ಹಾಕಿದರು, ಡಾನಾ ಕೂಡ ಹಾಕಿದರು. ಆ ಸುಧಾರಣೆಯನ್ನು ಹತ್ತಿಕ್ಕಲು ಆಗಸ್ಟ್ 21ಕ್ಕೆ ಸೋವಿಯತ್ ಟ್ಯಾಂಕುಗಳು ರಾಜಧಾನಿ ಪ್ರಾಗ್‌ಗೆ ನುಗ್ಗಿದವು. ಎಮಿಲ್‌ನನ್ನು ಸೈನ್ಯದಿಂದ, ಕಮ್ಯುನಿಸ್ಟ್ ಪಕ್ಷದಿಂದ ಹೊರಹಾಕಿದರು. ವರ್ಷಗಟ್ಟಲೆ ಮನೆಯಿಂದ ದೂರ, ನೆಲ ಕೊರೆಯುವ ತಂಡಗಳಲ್ಲಿ ಕೂಲಿಯ ಕೆಲಸ. ಆ ವರ್ಷಗಳಲ್ಲಿ ಪ್ರಾಗ್‌ನ ಮನೆಯನ್ನು ಹಿಡಿದುಕೊಂಡು ಕೂತವರು ಡಾನಾ. ಆ ಪಾಲಿಗೆ ಪದಕ ಇಲ್ಲ, ಮೀಟರ್ ಲೆಕ್ಕ ಇಲ್ಲ, ಅದಕ್ಕೇ ಯಾರೂ ಮಾತಾಡುವುದಿಲ್ಲ.

ಕಾರಿನಲ್ಲಿ ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಮೂವತ್ತೇಳಕ್ಕೆ ಬೆಳ್ಳಿ ಅಂದ್ರಾ?" ಅಂತ ಕೇಳಿದರು. ಹೌದು ಅಂದೆ. "ಗಂಡ ಓಟ ಬಿಟ್ಟ ಮೇಲೆ?" ಹೌದು ಅಂದೆ. ಮಂಗಳವಾರ ನಮ್ಮ ಗುಂಪಿಗೆ ಅವರೇ ಒಂದು ಹಳೆಯ ಕಪ್ಪು ಬಿಳುಪು ಫೋಟೊ ಹಾಕಿದ್ದರು. ಡಾನಾ ಕೈ ಹಿಂದಕ್ಕೆ ಎಳೆದು, ಎದೆ ಮುಂದೆ ಚಾಚಿ, ಎಸೆಯುವ ಕ್ಷಣ. ಕೆಳಗೆ ಬರೆದದ್ದು: "ಜಾಟೊಪೆಕ್ ಅವರ ಪತ್ನಿ, ಅದ್ಭುತ ಆಟಗಾರ್ತಿ." ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೂ ಹೆಸರು ಬರೆಯಲಿಲ್ಲ. ನಾನು ಕೆಳಗೆ ಹೆಸರು ಸೇರಿಸಿದೆ, ಜೊತೆಗೆ ಇನ್ನೊಂದು ಸುದ್ದಿಯನ್ನೂ.

ಆ ಸುದ್ದಿ ಇದೇ ದೇಶದ ಇನ್ನೊಬ್ಬ ಈಟಿ ಎಸೆತಗಾರ್ತಿ ಬಾರ್ಬೊರಾ ಶ್ಪೊಟಾಕೋವಾ ಬಗ್ಗೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಜಾವೆಲಿನ್ ಫೈನಲ್ ನಡೆದದ್ದು ಆಗಸ್ಟ್ 21ಕ್ಕೆ. ಟ್ಯಾಂಕು ಬಂದು ಸರಿಯಾಗಿ ನಲವತ್ತು ವರ್ಷ. ರಷ್ಯಾದ ಎಸೆತಗಾರ್ತಿ ಮುಂದಿದ್ದರು. ಬಾರ್ಬೊರಾ ತಮ್ಮ ಕೊನೆಯ ಎಸೆತದಲ್ಲಿ 71.42 ಮೀಟರ್ ಎಸೆದು ಗೆದ್ದರು. ಮುಂದಿನ ತಿಂಗಳೇ ಸ್ಟುಟ್‌ಗಾರ್ಟ್‌ನಲ್ಲಿ 72.28 ಎಸೆದು ವಿಶ್ವದಾಖಲೆ ಮಾಡಿದರು. 2012ರಲ್ಲಿ ಲಂಡನ್‌ನಲ್ಲಿ ಮತ್ತೆ ಚಿನ್ನ. ಇದನ್ನೆಲ್ಲ ನೋಡಲು ಡಾನಾ ಇದ್ದರು. ಅವರು 97 ವರ್ಷ ಬದುಕಿದರು.

ಹೆಂಗಸರ ಜಾವೆಲಿನ್‌ನಲ್ಲಿ ಈ ದೇಶಕ್ಕೆ ಬಂದ ಒಲಿಂಪಿಕ್ ಚಿನ್ನಗಳ ಪಟ್ಟಿಯನ್ನು ಮಗಳು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ. 1952 ಹೆಲ್ಸಿಂಕಿ, ಡಾನಾ. 2008 ಬೀಜಿಂಗ್, ಬಾರ್ಬೊರಾ. 2012 ಲಂಡನ್, ಬಾರ್ಬೊರಾ. ಯಾರ ಹೆಂಡತಿ ಅಂತ ಕೇಳದೆ ಬರೆದಿದ್ದಾಳೆ.